ಬಿಚ್ಚುವ ಸ್ವಾತಂತ್ರ್ಯ ಮತ್ತು ತೊಡುವ ಸ್ವಾತಂತ್ರ್ಯ

ಕೆನಡಾದ ಟೊರೊಂಟೊ ನಗರದ ಎದುರಿಗೆ, ಒಂಟಾರಿಯೊ ಸರೋವರದಲ್ಲಿ ಪುಟ್ಟ ದ್ವೀಪಗಳ ಒಂದು ಸಮೂಹವಿದೆ. ನಗರದಿಂದ ದೋಣಿಯಲ್ಲಿ ಸ್ವಲ್ಪ ಹೊತ್ತಿನಲ್ಲೇ ತಲುಪಬಹುದಾದ ಈ ದ್ವೀಪಗಳ ಬಹುಭಾಗವು ನಗರಾಡಳಿತದ ಸಾರ್ವಜನಿಕ ಉದ್ಯಾನವನವಾಗಿದೆ. ಅದರ ಪಶ್ಚಿಮ ಭಾಗದ ಹ್ಯಾನ್‌ಲನ್ಸ್ ಪಾಯಿಂಟ್ ಎಂಬ ಮರಳ ದಂಡೆಯ ಒಂದು ನಿರ್ದಿಷ್ಟ ಭಾಗದಲ್ಲಿ ಉಡುಪು ತೊಡುವುದು ಕಡ್ಡಾಯವಲ್ಲ. ಅಲ್ಲಿ ನಗ್ನರಾಗಿ ಈಜಬಹುದು, ಬಿಸಿಲಿಗೆ ಮೈಯೊಡ್ಡಬಹುದು.

ಇದು ಅಧಿಕಾರಿಗಳು ತಾವಾಗಿಯೇ ಕೊಟ್ಟ ಸೌಲಭ್ಯವಲ್ಲ. ಕೆನಡಾದ ದಂಡಸಂಹಿತೆಯ 174ನೇ ಕಲಮು ಸಾರ್ವಜನಿಕ ಸ್ಥಳದಲ್ಲಿ ಕಾನೂನುಬದ್ಧ ಕಾರಣವಿಲ್ಲದೆ ನಗ್ನವಾಗಿರುವುದನ್ನು ಅಪರಾಧವೆಂದೇ ಪರಿಗಣಿಸುತ್ತದೆ. ಆದರೆ ಅಟಾರ್ನಿ ಜನರಲ್ ಅವರ ಸಮ್ಮತಿಯಿಲ್ಲದೆ ಯಾರ ಮೇಲೂ ಈ ಮೊಕದ್ದಮೆ ಹೂಡುವಂತಿಲ್ಲ. ಈ ಅವಕಾಶವನ್ನು ಅರಿತ ಕೆಲವು ನಾಗರಿಕರು ನಗರಸಭೆಯ ಸದಸ್ಯರನ್ನು ಮನವೊಲಿಸಿದರು. 1999ರಲ್ಲಿ ನಗರಸಭೆ ಪ್ರಾಯೋಗಿಕವಾಗಿ ಅನುಮತಿ ನೀಡಿತು, 2002ರಲ್ಲಿ ಅದನ್ನು ಕಾಯಂಗೊಳಿಸಿತು. 2023ರಲ್ಲಿ ದ್ವೀಪಗಳ ಹೊಸ ಯೋಜನೆಯಡಿ ಆ ದಂಡೆಯ ಬಳಿಯೇ ಸಮಾರಂಭಗಳ ಬಯಲೊಂದನ್ನು ನಿರ್ಮಿಸುವ ಪ್ರಸ್ತಾಪ ಬಂದಾಗ ಜನರು ಒಗ್ಗೂಡಿ ವಿರೋಧಿಸಿದರು. ಆಡಳಿತವು ಆ ಪ್ರಸ್ತಾಪವನ್ನು ಕೈಬಿಟ್ಟಿತು.

ದೂರದ ಈ ವಿಷಯ ನಮಗೇಕೆ ಎಂದು ಓದುಗರು ಕೇಳಬಹುದು. ಕರಾವಳಿಯಿಂದಲೂ ಬೆಂಗಳೂರಿನಿಂದಲೂ ನಮ್ಮ ಮಕ್ಕಳು ವ್ಯಾಸಂಗಕ್ಕಾಗಿ, ಉದ್ಯೋಗಕ್ಕಾಗಿ ಇಂತಹ ನಗರಗಳಲ್ಲಿ ನೆಲೆಸುತ್ತಿದ್ದಾರೆ. ಅವರ ನೆರೆಯವರು, ಸಹಪಾಠಿಗಳು ಇದನ್ನು ಸಹಜವೆಂದು ಭಾವಿಸಿರುತ್ತಾರೆ. ಅಲ್ಲಿ ಅವರು ಏನು ಹೇಳಬೇಕು, ಹೇಗೆ ಬಾಳಬೇಕು ಎಂಬ ಬಗ್ಗೆ ನಮ್ಮಲ್ಲಿ ಸ್ಪಷ್ಟತೆ ಇರಬೇಕು. ಅದಕ್ಕಿಂತ ಮುಖ್ಯವಾಗಿ, ಉಡುಪಿನ ಸ್ವಾತಂತ್ರ್ಯ ಎಂಬುದು ಇಂದು ನಮ್ಮ ಹೆಣ್ಣುಮಕ್ಕಳ ಬದುಕಿನ ಪ್ರಶ್ನೆಯೂ ಆಗಿದೆ.

ನಗ್ನತೆಯ ಪ್ರತಿಪಾದಕರು ಮುಂದಿಡುವ ವಾದಗಳಲ್ಲಿ ಎರಡು ಪ್ರಮುಖವಾದವು. ಒಂದು, ಉಡುಪು ಕಳಚಿದಾಗ ಬಡವ ಬಲ್ಲಿದ ಎಂಬ ಭೇದ ಅಳಿಯುತ್ತದೆ. ಇನ್ನೊಂದು, ಜಾಹೀರಾತುಗಳು ಬಿತ್ತಿದ ದೇಹದ ಕೀಳರಿಮೆಯಿಂದ ಮನುಷ್ಯ ಬಿಡುಗಡೆ ಹೊಂದುತ್ತಾನೆ. ಈ ವಾದಗಳ ಹಿಂದಿರುವ ನೋವು ಸುಳ್ಳಲ್ಲ. ಬಣ್ಣ, ತೂಕ, ಎತ್ತರಗಳನ್ನು ಮುಂದಿಟ್ಟು ಮನುಷ್ಯನನ್ನು ಅಳೆಯುವ ಮಾರುಕಟ್ಟೆಯು ನಮ್ಮ ಮನೆಗಳನ್ನೂ ಹೊಕ್ಕಿದೆ. ಆದರೆ ರೋಗವನ್ನು ಸರಿಯಾಗಿ ಗುರುತಿಸಿದವರೆಲ್ಲರೂ ಸರಿಯಾದ ಮದ್ದನ್ನೇ ಕೊಡುತ್ತಾರೆಂದು ಹೇಳಲಾಗದು.

ಅಜ್ಞಾನಕಾಲದ ಅರಬರಲ್ಲಿ ನಗ್ನರಾಗಿ ಕಅ್‌ಬಾದ ತವಾಫ್ ಮಾಡುವ ಪದ್ಧತಿಯಿತ್ತು. ಪಾಪವೆಸಗಿದ ಬಟ್ಟೆಯಲ್ಲಿ ದೇವಗೃಹಕ್ಕೆ ಪ್ರದಕ್ಷಿಣೆ ಹಾಕಬಾರದು ಎಂಬುದು ಅವರ ಸಮರ್ಥನೆ. ಆದರೆ ಮಕ್ಕಾದ ಕುರೈಶರಿಗೆ ಈ ನಿಯಮ ಅನ್ವಯಿಸುತ್ತಿರಲಿಲ್ಲ. ಹೊರಗಿನಿಂದ ಬಂದವರಿಗೆ ಕುರೈಶರಿಂದ ಬಟ್ಟೆ ದೊರೆತರೆ ಸರಿ, ಇಲ್ಲವಾದರೆ ನಗ್ನತೆಯೇ ಗತಿ. ಅಂದರೆ ಪಾವಿತ್ರ್ಯದ ಹೆಸರಿನ ಆ ನಗ್ನತೆಯಲ್ಲೂ ಮೇಲು ಕೀಳು ಇದ್ದೇ ಇತ್ತು. ಹಿಜರಿ 9ನೇ ವರ್ಷದಲ್ಲಿ ಪ್ರವಾದಿ ಮುಹಮ್ಮದ್(ಸ) ಅವರು ಹಝ್ರತ್ ಅಬೂಬಕರ್(ರ) ಅವರನ್ನು ಹಜ್ಜ್ ಯಾತ್ರೆಯ ನಾಯಕರನ್ನಾಗಿ ಕಳುಹಿಸಿದಾಗ, ಇನ್ನು ಮುಂದೆ ಯಾರೂ ನಗ್ನರಾಗಿ ತವಾಫ್ ಮಾಡಬಾರದೆಂದು ಸಾರಲಾಯಿತು.

ಅದರ ಬದಲಿಗೆ ಇಸ್ಲಾಮ್ ಕೊಟ್ಟದ್ದು ಇಹ್ರಾಮ್. ಪುರುಷರಿಗೆ ಹೊಲಿಗೆಯಿಲ್ಲದ ಎರಡು ಬಟ್ಟೆಗಳು. ಅರಸನಿಗೂ ಅದೇ, ಆಳಿಗೂ ಅದೇ. ಮಾನ ಕಳೆಯದೆ ಭೇದ ಕಳೆಯುವ ದಾರಿ ಇದು. ಸಮಾನತೆಗಾಗಿ ಮನುಷ್ಯ ಲಜ್ಜೆಯನ್ನು ತೆರಬೇಕಾಗಿಲ್ಲ ಎಂಬುದಕ್ಕೆ ಪ್ರತಿ ವರ್ಷ ಲಕ್ಷಾಂತರ ಹಾಜಿಗಳು ಸಾಕ್ಷಿಯಾಗುತ್ತಾರೆ.

ನಗ್ನತೆಯೇ ಮನುಷ್ಯನ ಸಹಜ ಸ್ಥಿತಿ ಎಂಬ ಮಾತನ್ನೂ ನಾವು ಒಪ್ಪಲಾರೆವು. ಪವಿತ್ರ ಕುರ್‌ಆನ್‌ನ ಅಲ್ ಅಅ್‌ರಾಫ್ ಅಧ್ಯಾಯದಲ್ಲಿ ಬರುವ ಆದಮ್(ಅ) ಮತ್ತು ಹವ್ವಾ ಅವರ ವೃತ್ತಾಂತವನ್ನು ಗಮನಿಸಿರಿ. ತಮ್ಮ ಗುಪ್ತಾಂಗಗಳು ಪ್ರಕಟವಾದೊಡನೆ ಅವರು ಸ್ವರ್ಗದ ಎಲೆಗಳಿಂದ ಮುಚ್ಚಿಕೊಳ್ಳತೊಡಗಿದರು. ಅಲ್ಲಿ ಅವರನ್ನು ನೋಡುವ ಸಮಾಜವಿರಲಿಲ್ಲ, ಮುಚ್ಚಿಕೊಳ್ಳಿರೆಂದು ಒತ್ತಾಯಿಸುವ ಸಂಪ್ರದಾಯವೂ ಇರಲಿಲ್ಲ. ಲಜ್ಜೆಯು ಸಮಾಜ ಹೇರಿದ ಹೊರೆಯಲ್ಲ, ಮನುಷ್ಯನ ಪ್ರಕೃತಿಯಲ್ಲೇ ಅಲ್ಲಾಹನು ಇಟ್ಟ ಗುಣ ಎಂಬುದು ಇದರಿಂದ ತಿಳಿಯುತ್ತದೆ. ಅದೇ ಅಧ್ಯಾಯದ 26ನೇ ಸೂಕ್ತವು ಉಡುಪು ಮಾನ ಮುಚ್ಚುವುದಕ್ಕೂ ಅಲಂಕಾರಕ್ಕೂ ಇದೆಯೆಂದು ತಿಳಿಸಿ, ಅದಕ್ಕಿಂತಲೂ ಶ್ರೇಷ್ಠವಾದುದು ತಖ್ವಾದ ಉಡುಪು ಎನ್ನುತ್ತದೆ.

ಹೀಗಿರುವಾಗ ನಮ್ಮ ನಿಲುವು ಏನಿರಬೇಕು? ಮುಸ್ಲಿಮನಿಗೆ ಅಂತಹ ಸ್ಥಳಕ್ಕೆ ಹೋಗುವುದು ಸಲ್ಲದು. ಇದರಲ್ಲಿ ಎರಡು ಮಾತಿಲ್ಲ. ಆದರೆ ನಮಗೆ ಸಲ್ಲದ ಎಲ್ಲವನ್ನೂ ಸರಕಾರವು ಎಲ್ಲರಿಗೂ ನಿಷೇಧಿಸಬೇಕೆಂದು ಕೇಳುವುದು ಬೇರೆಯೇ ವಿಷಯ. ಇಲ್ಲಿ ನಾವು ತಾಳ್ಮೆಯಿಂದ ಯೋಚಿಸಬೇಕಾಗಿದೆ.

ಅದೇ ಕೆನಡಾದ ಕ್ವಿಬೆಕ್ ಪ್ರಾಂತವು 2019ರಲ್ಲಿ 21ನೇ ಮಸೂದೆಯನ್ನು ಅಂಗೀಕರಿಸಿತು. ಸರಕಾರಿ ಶಾಲೆಯ ಶಿಕ್ಷಕರು, ಪೊಲೀಸರು, ಸರಕಾರಿ ವಕೀಲರು ಮುಂತಾದವರು ಕೆಲಸದ ವೇಳೆ ಧಾರ್ಮಿಕ ಚಿಹ್ನೆಗಳನ್ನು ಧರಿಸಬಾರದೆಂಬುದು ಅದರ ಸಾರ. ಎರಡು ವರ್ಷಗಳ ಬಳಿಕ, 2021ರ ಡಿಸೆಂಬರ್‌ನಲ್ಲಿ ಅಲ್ಲಿನ ಚೆಲ್ಸಿ ಎಂಬ ಊರಿನಲ್ಲಿ ಹಿಜಾಬ್ ಧರಿಸಿದ್ದ ಶಿಕ್ಷಕಿಯೊಬ್ಬರನ್ನು ತರಗತಿಯಿಂದ ಬೇರೆ ಕೆಲಸಕ್ಕೆ ವರ್ಗಾಯಿಸಲಾಯಿತು. ಒಂದೇ ದೇಶದಲ್ಲಿ, ಒಂದೆಡೆ ಉಡುಪನ್ನೆಲ್ಲ ಕಳಚುವವರಿಗೆ ದಂಡೆಯ ಮೇಲೆ ಸ್ಥಳ ದೊರೆಯಿತು, ಇನ್ನೊಂದೆಡೆ ತಲೆ ಮುಚ್ಚಿಕೊಂಡವಳಿಗೆ ತರಗತಿಯಲ್ಲಿ ಸ್ಥಳ ದೊರೆಯಲಿಲ್ಲ.

ನಮ್ಮ ರಾಜ್ಯದ ಅನುಭವವೂ ಹಳೆಯದಾಗಿಲ್ಲ. 2022ರ ಫೆಬ್ರವರಿ 5ರ ಸರಕಾರಿ ಆದೇಶ, ಮಾರ್ಚ್ 15ರ ಹೈಕೋರ್ಟ್ ತೀರ್ಪು, ಅಕ್ಟೋಬರ್ 13ರಂದು ಸುಪ್ರೀಂ ಕೋರ್ಟಿನ ಇಬ್ಬರು ನ್ಯಾಯಮೂರ್ತಿಗಳು ಕೊಟ್ಟ ಭಿನ್ನ ತೀರ್ಪು, ಈ ದಿನಗಳಲ್ಲಿ ಕಾಲೇಜಿನ ಗೇಟಿನ ಮುಂದೆ ನಿಂತ ಹೆಣ್ಣುಮಕ್ಕಳು ನಮ್ಮ ಮನೆಯ ಮಕ್ಕಳೇ ಆಗಿದ್ದರು. ಏನನ್ನು ತೊಡಬೇಕೆಂದು ಸರಕಾರ ನಿರ್ಧರಿಸಬಾರದು ಎಂದು ಅಂದು ನಾವು ಹೇಳಿದೆವು. ಆ ಮಾತು ನಮಗೆ ಅನುಕೂಲವಾದಾಗ ಮಾತ್ರ ನಿಜವಾಗುವುದಾದರೆ ಅದಕ್ಕೆ ಬೆಲೆಯಿರುವುದಿಲ್ಲ. ಬಲವಂತವಾಗಿ ತೊಡಿಸುವ ಅಧಿಕಾರವನ್ನು ಆಳುವವರಿಗೆ ಒಪ್ಪಿಸಿದರೆ, ನಾಳೆ ಅದೇ ಅಧಿಕಾರವು ಬಲವಂತವಾಗಿ ತೆಗೆಸಲೂಬಹುದು. ನಮಗೆ ಇಷ್ಟವಿಲ್ಲದವರ ವಿಷಯದಲ್ಲೂ ನ್ಯಾಯ ಪಾಲಿಸಬೇಕೆಂಬುದು ಅಲ್ ಮಾಇದಃ ಅಧ್ಯಾಯದ 8ನೇ ಸೂಕ್ತದ ಆದೇಶವಾಗಿದೆ.

ಹಾಗೆಂದು ಸ್ವಾತಂತ್ರ್ಯಕ್ಕೆ ಎಲ್ಲೆಯೇ ಬೇಡವೆಂದು ಇದರ ಅರ್ಥವಲ್ಲ. ಉದ್ಯಾನವನವು ಎಲ್ಲರ ಸೊತ್ತು. ಮಕ್ಕಳನ್ನು ಕರೆದುಕೊಂಡು ಬರುವ ತಾಯಿಗೆ, ವೃದ್ಧರಿಗೆ, ಲಜ್ಜೆಯನ್ನು ಧರ್ಮವೆಂದು ಪಾಲಿಸುವವರಿಗೆ ಅಲ್ಲಿ ಸಮಾನ ಹಕ್ಕಿದೆ. ಹ್ಯಾನ್‌ಲನ್ಸ್ ಪಾಯಿಂಟ್‌ನಲ್ಲಿ ಗಡಿ ಗುರುತಿಸಿ, ಮುಂದೆ ಏನಿದೆ ಎಂಬುದನ್ನು ತಿಳಿಸುವ ಫಲಕ ಹಾಕಲಾಗಿದೆ. ತಿಳಿಯದೆ ಯಾರೂ ಅಲ್ಲಿಗೆ ಕಾಲಿಡದಂತೆ ಮಾಡುವ ಇಂತಹ ವ್ಯವಸ್ಥೆಯನ್ನು ಕೇಳುವುದು ಕುಟುಂಬಗಳ ನ್ಯಾಯವಾದ ಹಕ್ಕು. ಅಲ್ಲಿ ನೆಲೆಸಿರುವ ನಮ್ಮವರು ನಗರಸಭೆಯ ಸಭೆಗಳಿಗೆ ಹೋಗಿ ಇದನ್ನು ಸೌಜನ್ಯದಿಂದ, ದೃಢವಾಗಿ ಹೇಳಬೇಕು. ಮಹಿಳೆಯರಿಗೆ ಪ್ರತ್ಯೇಕ ಈಜುವ ಸಮಯ ಬೇಕಿದ್ದರೆ ಅದನ್ನೂ ಕೇಳಬೇಕು. ಬೆರಳೆಣಿಕೆಯ ಜನರು ಪಟ್ಟುಬಿಡದೆ ಮನವಿ ಸಲ್ಲಿಸಿ ಬಿಚ್ಚಲು ಒಂದು ಸ್ಥಳ ಪಡೆದರೆಂದಾದರೆ, ಮುಚ್ಚಿಕೊಳ್ಳುವ ಗೌರವವನ್ನು ಕೇಳಲು ನಾವೇಕೆ ಹಿಂಜರಿಯಬೇಕು?

ಕೊನೆಯದಾಗಿ, ಲಜ್ಜೆಯ ಪಾಠ ಮನೆಯಿಂದಲೇ ಆರಂಭವಾಗಬೇಕು. ಅನ್ನೂರ್ ಅಧ್ಯಾಯದಲ್ಲಿ ದೃಷ್ಟಿ ತಗ್ಗಿಸುವ ಆದೇಶ ಮೊದಲು ಬಂದಿರುವುದು ಪುರುಷರಿಗೆ, ಅನಂತರವಷ್ಟೇ ಸ್ತ್ರೀಯರಿಗೆ. ಆದರೆ ನಮ್ಮ ಸಮುದಾಯದಲ್ಲಿ ಲಜ್ಜೆಯ ಉಪದೇಶವೆಲ್ಲ ಹೆಣ್ಣುಮಕ್ಕಳಿಗೇ ಮೀಸಲಾಗಿಬಿಟ್ಟಿದೆ. ಮೊಣಕಾಲಿನ ಮೇಲೇರಿದ ಚಡ್ಡಿಯಲ್ಲಿ ಈಜುಕೊಳಕ್ಕಿಳಿಯುವ ಮಗನಿಗೆ ಸತ್ರ್ ಎಂದರೇನೆಂದು ಹೇಳಿಕೊಡುವವರು ವಿರಳ. ಟೊರೊಂಟೊದ ದಂಡೆಗೆ ಹೋಗಲು ದೋಣಿ ಬೇಕು. ಕೈಯಲ್ಲಿರುವ ಮೊಬೈಲ್ ತೋರಿಸುವ ನಗ್ನತೆಗೆ ದೋಣಿಯೂ ಬೇಡ, ಫಲಕವೂ ಇಲ್ಲ. ಒಬ್ಬಂಟಿಯಾಗಿರುವಾಗಲೂ ಅಲ್ಲಾಹನ ಮುಂದೆ ಲಜ್ಜೆ ಇರಬೇಕೆಂದು ಪ್ರವಾದಿ(ಸ) ಅವರು ಕಲಿಸಿದ್ದಾರೆ. ಆ ಪ್ರಜ್ಞೆ ಮಕ್ಕಳ ಹೃದಯದಲ್ಲಿ ಬೇರೂರಿದರೆ ಅವರು ಜಗತ್ತಿನ ಯಾವ ನಗರದಲ್ಲಿದ್ದರೂ ಭಯಪಡಬೇಕಾಗಿಲ್ಲ. ಬೇರೂರದಿದ್ದರೆ ಯಾವ ನಿಷೇಧವೂ ಅವರನ್ನು ಕಾಯಲಾರದು.

ಅಲ್ಲಾಹನು ನಮಗೂ ನಮ್ಮ ಸಂತತಿಗೂ ತಖ್ವಾದ ಉಡುಪನ್ನು ದಯಪಾಲಿಸಲಿ, ಭಿನ್ನವಾಗಿ ಬಾಳುವವರೊಂದಿಗೂ ನ್ಯಾಯದಿಂದ ವರ್ತಿಸುವ ಮನಸ್ಸನ್ನು ನೀಡಲಿ. ಆಮೀನ್.