ಶಾಲೆಯ ಪಂಚಾಂಗ, ಕಡಲಿನ ಪಂಚಾಂಗ

ಕುವೈತಿನಲ್ಲಿ ಜನವರಿಯ ಚಳಿ ಇರುವಾಗಲೇ ಭಾರತೀಯ ಕುಟುಂಬಗಳಲ್ಲಿ ಬೇಸಿಗೆ ರಜೆಯ ಚರ್ಚೆ ಆರಂಭವಾಗುತ್ತದೆ. ಟಿಕೆಟಿನ ದರ ಏರುವ ಮುನ್ನ ದಿನಾಂಕ ನಿಶ್ಚಯವಾಗಬೇಕು. ಆಸ್ಪತ್ರೆಯ ರಜಾಪಟ್ಟಿಯಲ್ಲಿ ಹೆಸರು ಬರೆಸಬೇಕು. ಊರಿಗೆ ಸುದ್ದಿ ತಿಳಿಸಬೇಕು. ಈ ಸಲ ನಮ್ಮ ಮನೆಯ ಚರ್ಚೆಗೆ ಹೊಸ ವಿಷಯವೊಂದು ಸೇರಿತು. ಹನ್ನೊಂದನೆಯ ತರಗತಿಯ ಮಗ, "ಪ್ರತಿ ವರ್ಷವೂ ಊರೇ ಆಯಿತಲ್ಲಪ್ಪ, ಒಮ್ಮೆ ಮಾಲ್ಡೀವ್ಸ್‌ಗೋ ಲಕ್ಷದ್ವೀಪಕ್ಕೋ ಹೋಗೋಣ, ಸ್ಕೂಬಾ ಡೈವಿಂಗ್ ಮಾಡೋಣ" ಎಂದ. ಮಗಳೂ ದನಿಗೂಡಿಸಿದಳು. ಮಂಗಳೂರಿನಲ್ಲಿರುವ ತಮ್ಮನಿಗೆ ಫೋನಿನಲ್ಲಿ ಇದನ್ನು ತಿಳಿಸಿದಾಗ ಅವನು ಕ್ಷಣಕಾಲ ಸುಮ್ಮನಿದ್ದು, "ಅಣ್ಣ, ಅಮ್ಮನಿಗೆ ಎಂಬತ್ತನಾಲ್ಕು ಆಯಿತು. ಈ ಸಲ ಎಷ್ಟು ದಿನ ಇರುತ್ತಾರೆ ಎಂದು ಕೇಳುತ್ತಿದ್ದರು" ಎಂದಷ್ಟೇ ಹೇಳಿದ.

ಈ ಎರಡು ಮಾತುಗಳ ನಡುವೆ ನಿಂತಿರುವ ಕುಟುಂಬ ನಮ್ಮದೊಂದೇ ಅಲ್ಲ. ಕೊಲ್ಲಿಯ ಉದ್ಯೋಗಿಗೆ ವರ್ಷಕ್ಕೆ ಸಿಗುವುದು ಸುಮಾರು ಮೂವತ್ತು ದಿನಗಳ ರಜೆ. ಅದರಲ್ಲಿ ಹೆತ್ತವರಿಗೆಷ್ಟು, ಮಕ್ಕಳಿಗೆಷ್ಟು ಎಂಬ ಹಂಚಿಕೆಯೇ ಒಂದು ಕಠಿಣ ಲೆಕ್ಕ. ದ್ವೀಪಪ್ರವಾಸದ ಪ್ರಶ್ನೆಯನ್ನು ಆದ್ದರಿಂದ ಕೇವಲ ವಿಹಾರದ ವಿಷಯವೆಂದು ತಳ್ಳಿಹಾಕದೆ, ತುಸು ವಿವರವಾಗಿ ಪರಿಶೀಲಿಸುವುದು ಉಚಿತ.

ಚಿತ್ರದಿಂದ ಹುಟ್ಟಿದ ಆಸೆ

ಲಕ್ಷದ್ವೀಪದ ಹೆಸರು ನಮ್ಮ ಮಕ್ಕಳ ಬಾಯಿಗೆ ಬಂದದ್ದು 2024ರ ಜನವರಿಯಲ್ಲಿ. ಪ್ರಧಾನಿಯವರು ಅಲ್ಲಿಗೆ ಭೇಟಿ ನೀಡಿ ಕಡಲಲ್ಲಿ ಸ್ನಾರ್ಕೆಲಿಂಗ್ ಮಾಡಿದ ಚಿತ್ರಗಳನ್ನು ಪ್ರಕಟಿಸಿದರು. ಅದಕ್ಕೆ ಅವಹೇಳನಕಾರಿಯಾಗಿ ಪ್ರತಿಕ್ರಿಯಿಸಿದ ಮೂವರು ಉಪಸಚಿವರನ್ನು ಮಾಲ್ಡೀವ್ಸ್ ಸರ್ಕಾರ ಅಮಾನತುಗೊಳಿಸಿತು. 2023ರಲ್ಲಿ 2 ಲಕ್ಷಕ್ಕೂ ಹೆಚ್ಚು ಭಾರತೀಯರು ಮಾಲ್ಡೀವ್ಸ್‌ಗೆ ಹೋಗಿದ್ದರು. ಮರುವರ್ಷ ಆ ಸಂಖ್ಯೆ ಬಹಳ ಕುಸಿಯಿತು. 2025ರ ಜುಲೈನಲ್ಲಿ ಪ್ರಧಾನಿಯವರೇ ಮಾಲೆಗೆ ಹೋಗಿ ಅಲ್ಲಿನ ಸ್ವಾತಂತ್ರ್ಯೋತ್ಸವದ ಅತಿಥಿಯಾದಾಗ ಮುನಿಸು ತಿಳಿಯಾಯಿತು.

ಆದರೆ ಮಾಲ್ಡೀವ್ಸ್ ಬಿಟ್ಟವರೆಲ್ಲ ಲಕ್ಷದ್ವೀಪಕ್ಕೆ ಹೋಗಲಾಗಲಿಲ್ಲ. ಹೋಗುವುದು ಸಾಧ್ಯವೂ ಇರಲಿಲ್ಲ. ಮಾಲ್ಡೀವ್ಸ್ 1972ರಿಂದಲೂ ಒಂದೊಂದು ದ್ವೀಪಕ್ಕೆ ಒಂದೊಂದು ರೆಸಾರ್ಟ್ ಕಟ್ಟುತ್ತ ಬಂದ ದೇಶ. ಲಕ್ಷದ್ವೀಪದಲ್ಲಿ 36 ದ್ವೀಪಗಳಿದ್ದರೂ ಒಟ್ಟು ನೆಲ ಕೇವಲ 32 ಚದರ ಕಿಲೋಮೀಟರ್. ಹತ್ತು ದ್ವೀಪಗಳಲ್ಲಿ ಜನವಸತಿ. 2011ರ ಜನಗಣತಿಯಂತೆ ಜನಸಂಖ್ಯೆ 64 ಸಾವಿರ. ಕುಡಿಯುವ ನೀರೆಂದರೆ ಉಪ್ಪುನೀರಿನ ಮೇಲೆ ತೇಲುವ ಸಿಹಿನೀರಿನ ತೆಳುಪದರ. ಭಾರತೀಯರಿಗೂ ಅಲ್ಲಿಗೆ ಪ್ರವೇಶಪರವಾನಗಿ ಬೇಕು. ಭಾರತದ ಪಾಸ್‌ಪೋರ್ಟ್ ಹಿಡಿದವನಿಗೆ ಮಾಲೆಯಲ್ಲಿ ಇಳಿದೊಡನೆ ಸಿಗುವ ಪ್ರವೇಶ, ಸ್ವದೇಶದ ಅಗಾತ್ತಿಯಲ್ಲಿ ಹಾಗೆ ಸಿಗದು. ಮೊದಲು ನನಗೂ ಇದು ವಿಚಿತ್ರವೆನಿಸಿತ್ತು. 2024ರ ಬೇಸಿಗೆಯಲ್ಲಿ ಸಮುದ್ರದ ಬಿಸಿ ಏರಿ ಅಲ್ಲಿನ ಹವಳಗಳು ವ್ಯಾಪಕವಾಗಿ ಬಿಳಿಚಿಕೊಂಡ ವರದಿ ಓದಿದ ಮೇಲೆ, ಆ ತಡೆ ಇರುವುದೇ ಒಳಿತೆಂದು ತೋರಿತು.

ಕರಾವಳಿಯವರಿಗೆ ಈ ದ್ವೀಪಗಳು ಪರಕೀಯವೂ ಅಲ್ಲ. ಅಮಿನಿ, ಕಡಮತ್, ಕಿಲ್ತಾನ್, ಚೆತ್ಲತ್, ಬಿತ್ರಾ ದ್ವೀಪಗಳು 1956ರ ನವೆಂಬರ್ 1ರವರೆಗೆ ದಕ್ಷಿಣ ಕನ್ನಡ ಜಿಲ್ಲೆಗೆ ಸೇರಿದ್ದವು. ಕನ್ನಡನಾಡು ಒಂದಾದ ದಿನವೇ ಅವು ಕೇಂದ್ರಾಡಳಿತ ಪ್ರದೇಶದ ಭಾಗವಾದವು. ಮಂಗಳೂರಿನ ಹಳೆ ಬಂದರಿನಿಂದ ಅಕ್ಕಿ, ತರಕಾರಿ, ಇಟ್ಟಿಗೆ, ಜಲ್ಲಿ ಹೊತ್ತ ಮಂಜಿಗಳು ಇಂದಿಗೂ ಅಲ್ಲಿಗೆ ಹೋಗುತ್ತವೆ. ನನ್ನ ಅಜ್ಜನಿಗೆ ಬಂದರಿನಲ್ಲಿ ದಿನಸಿ ಅಂಗಡಿಯಿತ್ತು. ಮೇ ತಿಂಗಳ ನಡುವಿನಿಂದ ಸೆಪ್ಟೆಂಬರ್ ನಡುವಿನವರೆಗೆ ಮಂಜಿಗಳ ಸಂಚಾರ ನಿಲ್ಲುತ್ತಿತ್ತು. ಆ ನಾಲ್ಕು ತಿಂಗಳು ದ್ವೀಪದವರ ಲೆಕ್ಕದ ಪುಸ್ತಕವನ್ನು ಅಜ್ಜ ಮೇಲಿನ ಅಟ್ಟದಲ್ಲಿಡುತ್ತಿದ್ದರಂತೆ.

ಹೊಂದದ ಎರಡು ಪಂಚಾಂಗಗಳು

ನಮ್ಮ ಸಮಸ್ಯೆಯ ಮೂಲ ಇಲ್ಲಿದೆ. ಕುವೈತಿನ ಭಾರತೀಯ ಶಾಲೆಗಳಿಗೆ ದೀರ್ಘ ರಜೆ ಜೂನ್ ಕೊನೆಯಿಂದ ಆಗಸ್ಟ್ ಕೊನೆಯವರೆಗೆ. ಅದು ಇಲ್ಲಿನ ಬಿಸಿಲಿಗೆ ಹೊಂದಿಸಿದ ಪಂಚಾಂಗ. 2016ರ ಜುಲೈ 21ರಂದು ಇಲ್ಲಿನ ಮಿತ್ರಿಬಾದಲ್ಲಿ 53.9 ಡಿಗ್ರಿ ಸೆಲ್ಸಿಯಸ್ ದಾಖಲಾಗಿತ್ತು. ಬೇಸಿಗೆಯ ಮೂರು ತಿಂಗಳು ನಡುಹಗಲಿನಲ್ಲಿ ಬಯಲಿನ ಕೆಲಸಕ್ಕೆ ಸರ್ಕಾರವೇ ನಿಷೇಧ ಹೇರುತ್ತದೆ. ಆದರೆ ಕಡಲಿನ ಪಂಚಾಂಗ ಬೇರೆ. ಅದೇ ತಿಂಗಳುಗಳಲ್ಲಿ ನೈಋತ್ಯ ಮುಂಗಾರು ಅರಬ್ಬೀ ಸಮುದ್ರವನ್ನು ಕಲಕುತ್ತಿರುತ್ತದೆ. ಜೂನ್, ಜುಲೈ ತಿಂಗಳುಗಳಲ್ಲಿ ಕರ್ನಾಟಕದ ಕರಾವಳಿಯಲ್ಲಿ ಯಾಂತ್ರಿಕ ದೋಣಿಗಳ ಮೀನುಗಾರಿಕೆಗೆ ನಿಷೇಧ. ಕಡಲನ್ನೇ ನಂಬಿ ಬದುಕುವ ಮೊಗವೀರರೂ ಶ್ರಾವಣದ ಹುಣ್ಣಿಮೆಗೆ ಸಮುದ್ರಪೂಜೆ ಮಾಡಿ, ತೆಂಗಿನಕಾಯಿ ಅರ್ಪಿಸಿ ಮುಂದಿನ ಋತುವಿಗೆ ಅಣಿಯಾಗುವವರು. ಆ ದಿನಗಳಲ್ಲಿ ಲಕ್ಷದ್ವೀಪ, ಮಾಲ್ಡೀವ್ಸ್, ಅಂಡಮಾನ್ ಮೂರರಲ್ಲೂ ಮಳೆಗಾಳಿ. ಮಾಲ್ಡೀವ್ಸ್‌ನಲ್ಲಿ ಆಗ ಕೋಣೆಯ ದರ ಇಳಿಯುವುದು ಅತಿಥಿಗಳ ಮೇಲಿನ ಪ್ರೀತಿಯಿಂದಲ್ಲ.

ಹಾಗಾದರೆ ಜುಲೈನಲ್ಲಿ ಶಾಂತವಾಗಿರುವ ಉಷ್ಣವಲಯದ ಕಡಲು ಯಾವುದು? ಇಂಡೋನೇಷ್ಯಾದ ಬಾಲಿ, ಲೊಂಬೋಕ್‌ಗಳಿಗೆ ಅದು ಒಣ ಋತು. ಆದರೆ ಅವು ಊರಿನ ದಾರಿಯಲ್ಲಿಲ್ಲ. ಶ್ರೀಲಂಕೆಯ ಪೂರ್ವ ಕರಾವಳಿ ಇದೆ. ನೈಋತ್ಯ ಮಾರುತ ಕೊಲಂಬೊ ಕಡೆ ಮಳೆ ಸುರಿಸುವಾಗ, ನಡುವಿನ ಪರ್ವತಗಳ ಮರೆಯಲ್ಲಿರುವ ತ್ರಿಂಕೋಮಲಿ, ನಿಲಾವೇಲಿ, ಅರುಗಂ ಕೊಲ್ಲಿಗಳಲ್ಲಿ ಬಿಸಿಲು. ನಿಲಾವೇಲಿಯ ಎದುರಿನ ಪಿಜನ್ ಐಲ್ಯಾಂಡ್ ರಾಷ್ಟ್ರೀಯ ಉದ್ಯಾನದಲ್ಲಿ ಮೊಣಕಾಲು ನೀರಿನಾಚೆಯೇ ಹವಳ. ಕುವೈತಿನಿಂದ ಕೊಲಂಬೊಗೆ ನೇರ ವಿಮಾನವಿದೆ. ಅಲ್ಲಿಂದ ಬೆಂಗಳೂರು ದೂರವಲ್ಲ. 2025ರ ನವೆಂಬರ್ ಕೊನೆಯಲ್ಲಿ ದಿತ್ವಾ ಚಂಡಮಾರುತ ಆ ದೇಶದಲ್ಲಿ ನೂರಾರು ಜೀವಗಳನ್ನು ಬಲಿ ಪಡೆಯಿತೆಂಬುದನ್ನು ಮರೆಯಲಾಗದು. ರಸ್ತೆಗಳ ಸ್ಥಿತಿಯನ್ನು ವಿಚಾರಿಸಿಯೇ ಹೊರಡಬೇಕು. ಪೂರ್ವ ಕರಾವಳಿಯ ಕೆಟ್ಟ ಕಾಲ ವರ್ಷದ ಕೊನೆಯದೆಂಬುದನ್ನೂ ಆ ದುರಂತ ನೆನಪಿಸುತ್ತದೆ.

ದೇಹದ ಲೆಕ್ಕ

ವೈದ್ಯನಾಗಿ ಕೆಲವು ಮಾತುಗಳನ್ನು ಹೇಳಲೇಬೇಕು. ಹತ್ತು ಮೀಟರ್ ಆಳದಲ್ಲಿ ದೇಹದ ಮೇಲಿನ ಒತ್ತಡ ನೆಲದ ಮೇಲಿನದರ ಎರಡು ಪಟ್ಟು. ಆ ಒತ್ತಡದಲ್ಲಿ ಉಸಿರಾಡಿದ ಸಾರಜನಕ ರಕ್ತ, ಅಂಗಾಂಶಗಳಲ್ಲಿ ಕರಗಿ, ಮೇಲೆ ಬಂದ ಬಳಿಕ ನಿಧಾನವಾಗಿ ಹೊರಹೋಗುತ್ತದೆ. ಅದಕ್ಕೆ ಮುನ್ನವೇ ವಿಮಾನ ಹತ್ತಿದರೆ ಸೋಡಾ ಬಾಟಲಿಯ ಮುಚ್ಚಳ ತೆಗೆದಂತೆ ಗುಳ್ಳೆಗಳೇಳಬಹುದು. ಕೀಲುನೋವಿನಿಂದ ಪಾರ್ಶ್ವವಾಯುವಿನವರೆಗೆ ಏನೂ ಆಗಬಹುದು. ಹಲವು ಬಾರಿ ಮುಳುಗಿದವರು ಕನಿಷ್ಠ 18 ಗಂಟೆ ವಿಮಾನ ಹತ್ತಬಾರದು. 24 ಗಂಟೆ ಕಾಯುವುದು ಮೇಲು. ಬೆಟ್ಟ ಹತ್ತುವುದೂ ಇದೇ ಲೆಕ್ಕಕ್ಕೆ ಸೇರುತ್ತದೆ. ಬೆಳಿಗ್ಗೆ ಕಡಲಲ್ಲಿ ಮುಳುಗಿ, ಸಂಜೆಗೆ 1,868 ಮೀಟರ್ ಎತ್ತರದ ನುವರ ಎಲಿಯಕ್ಕೆ ಕಾರಿನಲ್ಲಿ ಹೋಗುವ ಪ್ರವಾಸಪಟ್ಟಿಗೆ ಒಪ್ಪಬೇಡಿ.

ಆಸ್ತಮಾ, ಮೂರ್ಛೆರೋಗ, ಹೃದ್ರೋಗ, ಇನ್ಸುಲಿನ್ ಬೇಕಾದ ಮಧುಮೇಹ, ಹಳೆಯ ಕಿವಿನೋವು ಇದ್ದವರು ವೈದ್ಯಕೀಯ ಪ್ರಶ್ನಾವಳಿಯಲ್ಲಿ ಎಲ್ಲಕ್ಕೂ "ಇಲ್ಲ" ಎಂದು ಗುರುತು ಹಾಕಿ ಮುಗಿಸಬಾರದು. ನಾನೇ ಎಂಟು ವರ್ಷಗಳಿಂದ ರಕ್ತದೊತ್ತಡದ ಮಾತ್ರೆ ನುಂಗುವವನು. ರೋಗಿಗಳಿಗೆ ಬರೆದುಕೊಡುವ ಟ್ರೆಡ್‌ಮಿಲ್ ಪರೀಕ್ಷೆಯನ್ನು ನನಗಾಗಿ ಬರೆದುಕೊಂಡದ್ದು ಮೊನ್ನೆ, ಮಗನ ಒತ್ತಾಯಕ್ಕೆ. ಸ್ನಾರ್ಕೆಲಿಂಗ್ ಸುಲಭವೆಂದು ಈಜು ಬಾರದವರು ಇಳಿಯುವುದೂ ಅಪಾಯ. ತೀರದ ಸೆಳೆತಕ್ಕೆ ಸಿಕ್ಕವರು ದಡದತ್ತ ಹೋರಾಡದೆ, ದಡಕ್ಕೆ ಸಮಾನಾಂತರವಾಗಿ ಈಜಿ ಹೊರಬರಬೇಕು. ಡೆಂಗಿ ಹರಡುವ ಸೊಳ್ಳೆ ಹಗಲಲ್ಲಿ ಕಚ್ಚುತ್ತದೆ. ಹಿಂದಿರುಗಿದ ಎರಡು ವಾರಗಳೊಳಗೆ ಜ್ವರ ಬಂದರೆ ಆಸ್ಪಿರಿನ್, ಐಬುಪ್ರೊಫೆನ್ ನುಂಗದೆ ರಕ್ತಪರೀಕ್ಷೆ ಮಾಡಿಸಿ. ಪ್ರವಾಸವಿಮೆ ಸ್ಕೂಬಾ ಡೈವಿಂಗ್‌ಗೆ ಅನ್ವಯಿಸುತ್ತದೆಯೇ ಎಂದು ಮೊದಲೇ ಓದಿ ನೋಡಿ. ಅನೇಕ ವಿಮೆಗಳು ಅದನ್ನು ಹೊರಗಿಡುತ್ತವೆ.

ಕಾಗದದ ಕಡಲು

ಹೊಸದಾಗಿ ಕೊಲ್ಲಿಗೆ ಬರಲಿರುವವರು ಇನ್ನೊಂದನ್ನು ತಿಳಿದಿರಬೇಕು. ಇಲ್ಲಿ ರಜೆ ಮಂಜೂರಾದ ಮಾತ್ರಕ್ಕೆ ಹೊರಡಲಾಗದು. 2025ರ ಜುಲೈ 1ರಿಂದ ಖಾಸಗಿ ಕ್ಷೇತ್ರದ, ಅಂದರೆ 18ನೇ ವಿಧಿಯ ವಾಸ್ತವ್ಯಪರವಾನಗಿ ಹೊಂದಿದ ವಿದೇಶಿ ನೌಕರರು ದೇಶ ಬಿಡುವಾಗ ಉದ್ಯೋಗದಾತರ ಒಪ್ಪಿಗೆಯ ನಿರ್ಗಮನಪತ್ರ ಪಡೆಯುವುದು ಕಡ್ಡಾಯ. ಅದಕ್ಕೆ ಒಂದು ವಾರ ಮೊದಲು, ಜೂನ್ 23ರ ರಾತ್ರಿ, ಇರಾನ್ ಕತಾರಿನ ನೆಲೆಯ ಮೇಲೆ ಕ್ಷಿಪಣಿ ಹಾರಿಸಿದಾಗ ಕುವೈತ್ ತನ್ನ ವಾಯುಮಾರ್ಗವನ್ನು ತಾತ್ಕಾಲಿಕವಾಗಿ ಮುಚ್ಚಿತ್ತು. ರಜೆಯ ಆರಂಭದಲ್ಲೇ ವಿಮಾನಗಳು ಏರುಪೇರಾದವು. ಮೂರು ವಿಮಾನಗಳನ್ನು ಬೇರೆಬೇರೆ ಟಿಕೆಟುಗಳಲ್ಲಿ ಕೊಂಡು ಒಂದಕ್ಕೊಂದು ಪೋಣಿಸಿದರೆ, ಒಂದು ತಪ್ಪಿದಾಗ ಉಳಿದವುಗಳ ಹಣವೂ ಹೋಗುತ್ತದೆ. ಒಂದೇ ಟಿಕೆಟಿನಲ್ಲಿ ಪಯಣಿಸಿ. ನಡುವೆ ಒಂದು ದಿನ ಖಾಲಿ ಬಿಡಿ.

ಊರಿನಲ್ಲಿರುವ ಬಂಧುಗಳಲ್ಲಿ ನನ್ನದೊಂದು ವಿನಂತಿ. ನಮ್ಮ ಮಕ್ಕಳು ಊರಿಗೆ ಬರುವುದು ನಿಮ್ಮ ಮಕ್ಕಳು ಶಾಲೆಗೆ ಹೋಗುವ ಕಾಲದಲ್ಲಿ, ಸುರಿವ ಮಳೆಯಲ್ಲಿ. ಅಜ್ಜಿಯ ಮನೆಯ ಜಗಲಿಯಲ್ಲಿ ಅವರು ಬೇಸರಿಸಿದರೆ ಅದು ಪ್ರೀತಿಯ ಕೊರತೆಯಲ್ಲ. ಐದು ದಿನ ಅವರದಾದರೆ ಉಳಿದ ದಿನಗಳು ನಿಮ್ಮವಾಗುವುದು ಸುಲಭ.

ಕಡೆಗೆ ನಮ್ಮ ಮನೆಯಲ್ಲಿ ಹೀಗೆ ನಿಶ್ಚಯವಾಗಿದೆ: ಜುಲೈ ಆರಂಭದಲ್ಲಿ ತ್ರಿಂಕೋಮಲಿಯಲ್ಲಿ ಐದು ರಾತ್ರಿ, ಬಳಿಕ ಮೂರು ವಾರ ಮಂಗಳೂರು. ಅದಕ್ಕೆ ಮುನ್ನ ಮಕ್ಕಳಿಬ್ಬರೂ ಇಲ್ಲಿಯ ಈಜುಕೊಳದಲ್ಲಿ ತರಬೇತಿ ಮುಗಿಸಬೇಕು. ಕುವೈತಿನದೇ ಕುಬ್ಬರ್ ದ್ವೀಪದ ಸುತ್ತ ಹವಳದಿಬ್ಬಗಳಿವೆ. ವಸಂತದಲ್ಲಿ ಅಲ್ಲಿ ಅಭ್ಯಾಸ. ಲಕ್ಷದ್ವೀಪವನ್ನು ಮಗ ಕಾಲೇಜಿಗೆಂದು ಕರ್ನಾಟಕಕ್ಕೆ ಬಂದ ಮೇಲಿನ ಯಾವುದೋ ಡಿಸೆಂಬರಿಗೆ ಬಿಟ್ಟಿದ್ದೇವೆ.

ಅಮ್ಮನಿಗೆ ನಾನೇ ಫೋನಿನಲ್ಲಿ ತಿಳಿಸಿದೆ. ಲಂಕೆಯ ಹೆಸರು ಕೇಳಿ ಅವರಿಗೆ ಗಾಬರಿಯೇನೂ ಆಗಲಿಲ್ಲ. "ಆ ಬದಿಯಲ್ಲಿ ಜುಲೈನಲ್ಲಿ ಮಳೆ ಇಲ್ಲವಾ? ಸರಿಯಾಗಿ ವಿಚಾರಿಸಿದ್ದೀಯಲ್ಲ?" ಎಂದು ಎರಡು ಸಲ ಕೇಳಿದರು. ಬಂದರಿನ ವ್ಯಾಪಾರಿಯ ಮಗಳು ಮೊದಲು ವಿಚಾರಿಸಿದ್ದು ಕಡಲಿನ ಋತುವನ್ನು. ಎಷ್ಟು ದಿನ ಇರುತ್ತೀರಿ ಎಂಬ ಪ್ರಶ್ನೆ ಬಂದದ್ದು ಆಮೇಲೆ. ಮೂರು ವಾರ ಎಂದೆ. ಅವರು ಬೆರಳು ಮಡಚಿ ಎಣಿಸಿದ್ದು ನನಗೆ ಪರದೆಯಲ್ಲಿ ಕಾಣಿಸಿತು.