ಬೆಳಕಿನ ಅಳತೆ

ಛಾಯಾಗ್ರಹಣವನ್ನು ಕಲಿಯಹೊರಟ ವಿದ್ಯಾರ್ಥಿಯು ಮೊದಲು ಅರಸುವುದು ಜೋಗದ ಜಲಪಾತವನ್ನು, ಇಲ್ಲವೇ ಆಗುಂಬೆಯ ಸೂರ್ಯಾಸ್ತವನ್ನು. ಅಷ್ಟು ದೂರ ಹೋಗುವ ಅಗತ್ಯವೇನೂ ಇಲ್ಲ. ಬೆಳಕಿನ ಪಾಠಗಳಿಗೆ ಶಾಲೆಯ ಅಂಗಳವೇ ಸಾಕು.

ಕ್ಯಾಮೆರಾದ ಬೆಳಕುಮಾಪಕವು ಮೂಲತಃ ತಾನು ಕಂಡದ್ದನ್ನೆಲ್ಲ ನಡುಬೂದು ಬಣ್ಣದ್ದೆಂದೇ ಭಾವಿಸುತ್ತದೆ. ಅದರ ಮಾತನ್ನೇ ನಂಬಿದರೆ, ಪ್ರಾರ್ಥನೆಗೆ ಸಾಲಾಗಿ ನಿಂತವರ ಬಿಳಿಯ ಅಂಗಿಗಳು ಮಾಸಿದಂತೆ ಮೂಡುತ್ತವೆ. ಚೌಕಟ್ಟನ್ನು ತುಂಬಿದ ಕರಿಹಲಗೆಯೋ ಬೂದಿ ಬಳಿದಂತೆ ಬಿಳಿಚಿಕೊಳ್ಳುತ್ತದೆ. ಇಂದಿನ ಯಂತ್ರಗಳು ದೃಶ್ಯವನ್ನು ಒಂದಿಷ್ಟು ಊಹಿಸಬಲ್ಲವು, ನಿಜ. ಆದರೆ ಊಹೆಯು ಯಂತ್ರದ್ದಾದರೆ ಕಲಿಕೆಯೂ ಯಂತ್ರದ್ದೇ! ಆದುದರಿಂದ ದ್ಯುತಿರಂಧ್ರ, ಷಟರಿನ ವೇಗ, ಐ.ಎಸ್.ಒ. ಈ ಮೂರನ್ನೂ ವಿದ್ಯಾರ್ಥಿಯು ಕೆಲಕಾಲ ತಾನೇ ನಿಗದಿಪಡಿಸುವುದು ಲೇಸು.

ನಿಚ್ಚಳ ಬಿಸಿಲಿನಲ್ಲಿ ಐ.ಎಸ್.ಒ. 100 ಇದ್ದು, ರಂಧ್ರವು ಎಫ್/16 ಆಗಿದ್ದರೆ, ಸೆಕೆಂಡಿನ 125ನೆಯ ಒಂದು ಭಾಗದಷ್ಟು ಕಾಲ ಸಾಕೆಂಬುದು ಹಳಬರ ಲೆಕ್ಕ. ಖೊ-ಖೊ ಆಟಗಾರನ ಓಟವು ಆ ವೇಗಕ್ಕೆ ಸೆರೆಸಿಕ್ಕದು. 500ನೆಯ ಒಂದು ಭಾಗವಾದರೂ ಬೇಕು. ಆಗ ಒಳಬರುವ ಬೆಳಕು ಕಾಲುಭಾಗಕ್ಕೆ ಇಳಿಯುವುದರಿಂದ ರಂಧ್ರವನ್ನು ಎಫ್/8ಕ್ಕೆ ಹಿಗ್ಗಿಸಬೇಕು. ಹಿಗ್ಗಿಸಿದಷ್ಟೂ ಹಿನ್ನೆಲೆಯ ಸ್ಪಷ್ಟತೆ ಕುಂದುತ್ತದೆ. ಒಂದನ್ನು ಪಡೆಯಲು ಇನ್ನೊಂದನ್ನು ತೆರಬೇಕಾದ ವ್ಯವಹಾರವಿದು.

ಜೋಗಕ್ಕೆ ನಾಳೆಯೂ ಹೋಗಲಾಗದು. ತರಗತಿಯ ಕಿಟಕಿ, ಅದರ ಪಕ್ಕದ ಬೆಂಚು, ಅಲ್ಲಿ ಕುಳಿತು ಬರೆಯುವ ಸಹಪಾಠಿ ನಾಳೆಯೂ ಅಲ್ಲೇ ಇರುತ್ತಾರೆ. ಇಂದು ಹತ್ತು ಗಂಟೆಗೆ ಕೆಟ್ಟ ಚಿತ್ರವನ್ನು ನಾಳೆ ಅದೇ ಹೊತ್ತಿಗೆ ಬೇರೊಂದು ಅಳತೆಯಲ್ಲಿ ತೆಗೆದು ಹೋಲಿಸಬಹುದು. ಅಳತೆಯನ್ನು ಹೊಂದಿಸುವಷ್ಟರಲ್ಲಿ ಗೆಳೆಯರ ನಗು ಮಾಯವಾಗುವುದೆಂಬ ಆಕ್ಷೇಪವುಂಟು. ಬುತ್ತಿ ಬಿಚ್ಚುವ ಮೊದಲೇ ಮರದ ನೆರಳಿನ ಬೆಳಕನ್ನು ಅಳೆದಿಟ್ಟುಕೊಂಡವನಿಗೆ ಆ ನಗುವೂ ತಪ್ಪದು.