ಸಂದರ್ಶನದ ಉಡುಪು: ಶರಣರ ದೃಷ್ಟಿಯಲ್ಲಿ

ಶರಣ ಪರಂಪರೆಯಲ್ಲಿ ಅತ್ಯಂತ ಕಠಿಣವಾದ ಸಂದರ್ಶನ ನಡೆದುದು ಕಲ್ಯಾಣದ ಅನುಭವ ಮಂಟಪದಲ್ಲಿ. ಉಡುಗೆಯನ್ನೇ ತೊರೆದು ಬಂದ ಅಕ್ಕಮಹಾದೇವಿಯನ್ನು ಅಲ್ಲಮಪ್ರಭುಗಳು ನೇರವಾಗಿ ಪ್ರಶ್ನಿಸಿದರೆಂದು ಶೂನ್ಯಸಂಪಾದನೆ ನಿರೂಪಿಸುತ್ತದೆ. ಸೀರೆಯನ್ನು ಬಿಟ್ಟವಳು ಕೂದಲಿನಿಂದ ಮೈ ಮರೆಮಾಡಿಕೊಂಡುದೇಕೆ ಎಂಬುದು ಅವರ ಪ್ರಶ್ನೆಯ ತಿರುಳು. ಅಕ್ಕನ ಉತ್ತರದ ಸಾರವಿಷ್ಟೆ: ಮರೆ ತನಗಾಗಿ ಅಲ್ಲ, ನೋಡುವವರ ಮನಸ್ಸಿಗೆ ನೋವಾಗದಿರಲೆಂದು. ಉಡುಪಿನ ವಿಷಯದಲ್ಲಿ ಇದಕ್ಕಿಂತ ಸೂಕ್ಷ್ಮವಾದ ಮಾತು ದೊರೆಯುವುದು ದುರ್ಲಭ. ಉಡುಪು ನಾಚಿಕೆಯ ಗುರುತೂ ಅಲ್ಲ, ಪ್ರದರ್ಶನದ ವಸ್ತುವೂ ಅಲ್ಲ. ಎದುರಿಗಿರುವವರ ಬಗೆಗಿನ ಗೌರವ.

ಈ ಮಾತನ್ನು ಇಂದಿನ ಉದ್ಯೋಗ ಸಂದರ್ಶನಕ್ಕೆ ಅನ್ವಯಿಸಿ ನೋಡಬೇಕಾದ ಕಾಲ ಬಂದಿದೆ. ಇಳಕಲ್ಲಿನ ನೇಕಾರರ ಮನೆಯ ಹುಡುಗಿಯೊಬ್ಬಳು ಪದವಿ ಮುಗಿಸಿ, ಬೆಂಗಳೂರಿನಿಂದ ಸಂದರ್ಶನಕ್ಕೆ ಕರೆ ಪಡೆದಳೆಂದು ಭಾವಿಸೋಣ. ತಾಯಿ ಪೆಟ್ಟಿಗೆಯಿಂದ ಒಂದು ಇಳಕಲ್ ಸೀರೆಯನ್ನು ತೆಗೆದು ಮುಂದಿಡುತ್ತಾಳೆ. ಚಿಕ್ಕಮ್ಮ ತಡೆಯುತ್ತಾಳೆ: “ಇದನ್ನ ಉಟ್ಕೊಂಡು ಹೋದ್ರ ಹಳ್ಳ್ಯಾಗಿಂದ ಬಂದಾಳ ಅಂತಾರ. ಸಾಲಾ ಮಾಡಿಯಾದ್ರೂ ಒಂದು ಛಲೋ ಡ್ರೆಸ್ ಕೊಡಸ್ರಿ.” ಇಂಥ ಮಾತು ನಮ್ಮ ಊರುಗಳ ಎಷ್ಟೋ ಮನೆಗಳಿಗೆ ಹೊಸದಲ್ಲ. ಕೇಳುವುದಕ್ಕೆ ಇದು ಬಟ್ಟೆಯ ಪ್ರಶ್ನೆ. ಒಳಹೊಕ್ಕು ನೋಡಿದರೆ ತನ್ನ ಮನೆಯ ಕಾಯಕದ ಬಗ್ಗೆ ನಾಚಬೇಕೆ ಎಂಬ ಪ್ರಶ್ನೆ.

ಶರಣರ ಬದುಕಿನಿಂದ ಇದಕ್ಕೆ ಮೊದಲು ದೊರೆಯುವ ಉತ್ತರ ಶುಚಿತ್ವ. ದೇವರ ಹಿಪ್ಪರಗಿಯ ಮಡಿವಾಳ ಮಾಚಿದೇವರು ಶರಣರ ಬಟ್ಟೆಗಳನ್ನು ಮಡಿ ಮಾಡುವುದನ್ನೇ ಕಾಯಕವಾಗಿ ಕೈಗೊಂಡವರು. ಕಾಯಕನಿಷ್ಠರಲ್ಲದವರ ಬಟ್ಟೆಯನ್ನು ಅವರು ಮುಟ್ಟುತ್ತಿರಲಿಲ್ಲವೆಂಬ ಪ್ರತೀತಿಯಿದೆ. ಅವರು ನೋಡಿದ್ದು ಬಟ್ಟೆಯ ಬೆಲೆಯನ್ನಲ್ಲ, ಉಟ್ಟವರ ನಡೆಯನ್ನು. ಒಗೆದು ಇಸ್ತ್ರಿ ಮಾಡಿದ ಅಂಗಿ, ಮೈಗೆ ಸರಿಹೊಂದುವ ಅಳತೆ, ಕತ್ತರಿಸಿದ ಉಗುರು, ಬಾಚಿದ ತಲೆ, ಧೂಳು ಒರೆಸಿದ ಪಾದರಕ್ಷೆ: ಇವು ಬಡವರ ಕೈಗೂ ಎಟುಕುವಂಥವು. ಇವನ್ನು ಅಲಕ್ಷಿಸಿ, “ಅಂತರಂಗ ಶುದ್ಧವಿದ್ದರೆ ಸಾಕು” ಎನ್ನುವುದು ವೈರಾಗ್ಯವಲ್ಲ, ಆಲಸ್ಯ. ಬಸವಣ್ಣನವರು ಅಂತರಂಗ ಶುದ್ಧಿಯನ್ನೂ ಬಹಿರಂಗ ಶುದ್ಧಿಯನ್ನೂ ಒಟ್ಟಿಗೇ ಬೋಧಿಸಿದರೆಂಬುದನ್ನು ಮರೆಯಲಾಗದು.

ಎರಡನೆಯ ಉತ್ತರ ಸತ್ಯ. ಅಣ್ಣನ ಅಂಗಿಯನ್ನು ಒಂದು ದಿನಕ್ಕೆ ತೊಟ್ಟು ಹೋಗುವುದರಲ್ಲಿ ದೋಷವಿಲ್ಲ. ಅದು ಮನೆಯವರ ಪ್ರೀತಿ. ಆದರೆ ತಂದೆಯ ಮೇಲೆ ಸಾಲದ ಹೊರೆ ಹೊರಿಸಿ, ಇಲ್ಲದ ಸಿರಿವಂತಿಕೆಯನ್ನು ತೋರಿಸಲು ಕೊಂಡ ಕೋಟು, ಬಾಯಿ ತೆರೆಯುವ ಮೊದಲೇ ನುಡಿದ ಹುಸಿಯಾಗುತ್ತದೆ. ಹುಸಿಯನ್ನು ನಿಷೇಧಿಸಿದ ವಚನದಲ್ಲಿಯೇ ಬಸವಣ್ಣನವರು ಆತ್ಮಪ್ರಶಂಸೆಯನ್ನೂ ನಿಷೇಧಿಸಿದ್ದಾರೆ. ಸಂದರ್ಶನದಲ್ಲಿ ತನ್ನ ಕುರಿತು ಹೇಳಿಕೊಳ್ಳಲೇಬೇಕಾಗುತ್ತದೆ, ನಿಜ. ಕಲಿತುದನ್ನು, ಮಾಡಿದ ಕೆಲಸವನ್ನು ಇದ್ದಂತೆ ಹೇಳುವುದು ಪ್ರಶಂಸೆಯಲ್ಲ. ಉಬ್ಬಿಸಿ ಹೇಳುವುದು ಪ್ರಶಂಸೆ. ಉಡುಪಿಗೂ ಇದೇ ಅಳತೆ.

ಹಾಗಾದರೆ ಇಳಕಲ್ ಸೀರೆ ಸಂದರ್ಶನಕ್ಕೆ ತಕ್ಕ ಉಡುಪೇ? ನಿಸ್ಸಂದೇಹವಾಗಿ ತಕ್ಕುದು. ಈ ಸೀರೆಯ ಒಡಲಿನ ಹಾಸಿಗೆ ಹತ್ತಿಯ ನೂಲಾದರೆ ಸೆರಗಿನ ಹಾಸಿಗೆ ರೇಷ್ಮೆ. ಒಂದೊಂದು ಎಳೆಯನ್ನೂ ಕೊಂಡಿ ಹಾಕಿ ಇವೆರಡನ್ನೂ ಕೂಡಿಸುವುದು ಇಲ್ಲಿಯ ನೇಕಾರರ ವೈಶಿಷ್ಟ್ಯ. ಇದರ ಮೇಲೆ ಹಾಕುವ ಕಸೂತಿಯಲ್ಲಿ ಗವಂತಿ, ಮುರಗಿ ಎಂಬ ಹೊಲಿಗೆಗಳುಂಟು. ಬಟ್ಟೆಯ ಎರಡೂ ಬದಿಗಳಲ್ಲಿ ಅವು ಒಂದೇ ರೀತಿ ಕಾಣುತ್ತವೆ. ಒಳಗೊಂದು ಹೊರಗೊಂದು ಇರದ ಬದುಕಿಗೆ ಇದಕ್ಕಿಂತ ಒಳ್ಳೆಯ ಉಪಮಾನ ಬೇಕೆ? ಭೌಗೋಳಿಕ ಸೂಚಿಕೆಯ ಮಾನ್ಯತೆ ಪಡೆದ ಈ ಸೀರೆಯನ್ನು ನೇಯ್ದವರ ಮಗಳೇ ಉಡಲು ಅಂಜುವುದಾದರೆ, ನೇಕಾರ ಕಾಯಕದ ಜೇಡರ ದಾಸಿಮಯ್ಯನವರನ್ನು ನಾವು ಜಯಂತಿಯಂದು ಸ್ಮರಿಸಿ ಫಲವೇನು?

ಇದರರ್ಥ ಎಲ್ಲ ಹೆಣ್ಣುಮಕ್ಕಳೂ ಸೀರೆಯನ್ನೇ ಉಡಬೇಕೆಂದಲ್ಲ. ಸೀರೆ ಉಟ್ಟು ರೂಢಿಯಿಲ್ಲದವಳು ಸೆರಗು ಸರಿಪಡಿಸಿಕೊಳ್ಳುವುದರಲ್ಲಿಯೇ ಪ್ರಶ್ನೆಯನ್ನು ಮರೆತಾಳು. ಅಂಥವಳಿಗೆ ಸರಳವಾದ ಚೂಡಿದಾರವೇ ಲೇಸು. ಕಾರ್ಖಾನೆಯ ಕೆಲಸಕ್ಕೆ ಹೋಗುವವರು ಅಲ್ಲಿನ ಸುರಕ್ಷತೆಗೆ ಹೊಂದುವ ಉಡುಪು ಧರಿಸಬೇಕು. ಸಂಸ್ಥೆಯೇ ನಿಯಮ ತಿಳಿಸಿದ್ದರೆ ಅದನ್ನು ಪಾಲಿಸುವುದು ಗೌರವ. ತನ್ನತನದ ಹೆಸರಿನಲ್ಲಿ ಹಠವೂ ಸಲ್ಲದು, ಅಂಜಿಕೆಯಿಂದ ತನ್ನತನವನ್ನು ಬಚ್ಚಿಡುವುದೂ ಸಲ್ಲದು.

ಲಿಂಗವಂತ ತರುಣರಲ್ಲಿ ಮತ್ತೊಂದು ಸಂದೇಹವುಂಟು. ಸಂದರ್ಶನಕ್ಕೆ ಹೋಗುವಾಗ ಹಣೆಯ ವಿಭೂತಿಯನ್ನು ಅಳಿಸಿಕೊಳ್ಳಬೇಕೆ? ಅಂಜಿ ಅಳಿಸಬೇಕಾಗಿಲ್ಲ. ಆದರೆ ಸಂದರ್ಶಕರಲ್ಲಿ ನಮ್ಮವರೊಬ್ಬರು ಇರಬಹುದೆಂಬ ಆಸೆಯಿಂದ ಅಂದು ಮಾತ್ರ ದಟ್ಟವಾಗಿ ಧರಿಸಿ ಹೋಗುವುದು ಅಳಿಸುವುದಕ್ಕಿಂತ ದೊಡ್ಡ ತಪ್ಪು. ವಿಭೂತಿ ಶಿಫಾರಸು ಪತ್ರವಲ್ಲ. ಇಷ್ಟಲಿಂಗವಾದರೋ ಅಂಗಿಯ ಒಳಗೆ, ಎದೆಗೆ ಹತ್ತಿರದಲ್ಲಿಯೇ ಇರುತ್ತದೆ. ಅದನ್ನು ಯಾರಿಗೂ ತೋರಿಸಬೇಕಾಗಿಲ್ಲ. ಧೈರ್ಯಕ್ಕೆ ಅದೊಂದೇ ಸಾಕು.

ಇನ್ನು ಮೇಜಿನ ಆಚೆ ಕುಳಿತವರಿಗೂ ಕರ್ತವ್ಯವಿದೆ. ಅಲ್ಲಮರು ಅಕ್ಕನನ್ನು ಕಠಿಣವಾಗಿ ಪ್ರಶ್ನಿಸಿದರು, ನಿಜ. ಆದರೆ ಉತ್ತರವನ್ನು ಪೂರ್ತಿ ಕೇಳಿದರು. ಕೇಳಿ, ಆಕೆಯ ನಿಲುವಿಗೆ ತಲೆಬಾಗಿದರು. ಹೊರನೋಟವನ್ನು ಕಂಡೊಡನೆ ತೀರ್ಮಾನ ಕೈಗೊಂಡಿದ್ದರೆ ಕಲ್ಯಾಣ ಅಕ್ಕನನ್ನು ಕಳೆದುಕೊಳ್ಳುತ್ತಿತ್ತು. ಅಂಗಿಯ ಕಾಲರು ಸವೆದಿದೆಯೆಂದೋ ಮಾತಿನಲ್ಲಿ ಊರಿನ ಸೊಗಡಿದೆಯೆಂದೋ ಅಭ್ಯರ್ಥಿಯನ್ನು ಬದಿಗೆ ಸರಿಸುವವರು ಕಳೆದುಕೊಳ್ಳುವುದೂ ಅಂಥದನ್ನೇ.

ಇಳಕಲ್ಲಿನ ಪೂಜ್ಯ ಡಾ. ಮಹಾಂತ ಶಿವಯೋಗಿಗಳು 1975ರಲ್ಲಿ ಮಹಾಂತ ಜೋಳಿಗೆಯನ್ನು ಆರಂಭಿಸಿ, 2018ರಲ್ಲಿ ಲಿಂಗೈಕ್ಯರಾಗುವವರೆಗೂ ಊರೂರು ಸಂಚರಿಸಿ ಜನರ ದುಶ್ಚಟಗಳನ್ನು ಭಿಕ್ಷೆಯಾಗಿ ಬೇಡಿದರು. ಆಡಂಬರವೂ ಒಂದು ಚಟವೇ, ಕೀಳರಿಮೆಯೂ ಒಂದು ಚಟವೇ. ಸಂದರ್ಶನಕ್ಕೆ ಹೊರಟ ಮಕ್ಕಳು ಹೊಸ್ತಿಲು ದಾಟುವ ಮುನ್ನ ಇವೆರಡನ್ನೂ ಆ ಜೋಳಿಗೆಗೆ ಹಾಕಿ, ಮಡಿಯಾದ ಬಟ್ಟೆಯನ್ನು ಉಟ್ಟು, ನೇರವಾಗಿ ನಡೆದು ಹೋಗಲಿ. ಕೆಲಸ ದೊರೆತರೆ ಅದು ಕಾಯಕವಾಗಲಿ. ದೊರೆಯದಿದ್ದರೆ, ಹೋದಂತೆಯೇ ತಲೆಯೆತ್ತಿ ಮನೆಗೆ ಮರಳಲಿ.